ಕಮಲಾಪುರದ ಮಾಳಿಗೆಯ ಎರಡನೇ ತಂತಿ

ನವೆಂಬರ್ ಹದಿನಾರು, ಭಾನುವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕಮಲಾಪುರದಲ್ಲಿ ನನ್ನ ಗೆಳೆಯನ ಮನೆಯ ಮಾಳಿಗೆ. ಹಾಜರಿದ್ದವರು ನಾನು, ಗೆಳೆಯ, ಅವನ ಹೆಂಡತಿ, ಮತ್ತು ಅದೇ ಓಣಿಯ ವೈರ್‌ಮನ್. ಕೆಲಸ, ಒಂದೇ ಕೇಬಲ್ಲಿಗೆ ಎರಡು ಆಂಟೆನಾ ಜೋಡಿಸುವುದು. ಅಂದಾಜು ಸಮಯ ಮೂರು ತಾಸು.

ಅಂದಾಜು ಮಾಡಿದ್ದು ನಾನೇ. ಆದ್ದರಿಂದ ಅದು ತಪ್ಪಿದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಉಳಿದ ಎಲ್ಲದಕ್ಕೂ ದೂರಲು ಜನರಿದ್ದರು.

ಅಂಗಿಯ ಜೇಬಿನಲ್ಲಿ ಹದಿನಾಲ್ಕು ಕಲಮುಗಳ ಚೀಟಿ ಇತ್ತು. ಹಿಂದಿನ ದಿನ ಸಂಜೆ ಕೂತು ಕ್ರಮವಾಗಿ ಬರೆದದ್ದು. ಮೊದಲ ಕಲಮು: ಈಗಿರುವ ಆಂಟೆನಾವನ್ನು ಮುಟ್ಟುವ ಮೊದಲು ಅದರ ರೀಡಿಂಗ್ ತೆಗೆದುಕೊಳ್ಳುವುದು. ಕೆಲಸ ಕೆಟ್ಟರೆ ಎಲ್ಲಿಗೆ ಮರಳಬೇಕು ಎಂಬುದು ಮೊದಲೇ ಕಾಗದದ ಮೇಲಿರಬೇಕು. ಇಲ್ಲದಿದ್ದರೆ ಕೆಟ್ಟದ್ದು ಗೊತ್ತಾಗುತ್ತದೆ, ಎಷ್ಟು ಕೆಟ್ಟಿತು ಎಂಬುದು ಗೊತ್ತಾಗುವುದಿಲ್ಲ. ಮಾಳಿಗೆ ಹತ್ತಿ ನೋಡಿದೆ. ಆಂಟೆನಾ ಸುರುಳಿ ಸುತ್ತಿಕೊಂಡು ನೀರಿನ ಟ್ಯಾಂಕಿನ ಬುಡದಲ್ಲಿ ಬಿದ್ದಿತ್ತು. ನನಗೆ ತೊಂದರೆಯಾಗಬಾರದೆಂದು ಗೆಳೆಯ ಆರು ಗಂಟೆಗೇ ಎದ್ದು ಇಳಿಸಿಬಿಟ್ಟಿದ್ದ. ನಾನು ಚೀಟಿ ತೆಗೆದು ಮೊದಲ ಕಲಮನ್ನು ಅವನ ಕಣ್ಣ ಮುಂದೆ ಹಿಡಿದೆ. ಅವನು ಓದಿ, ಗೋಣು ಹಾಕಿ, ಬಹಳ ಸರಿಯಾದ ಕ್ರಮ ಎಂಬಂತೆ ನಕ್ಕ.

ಈ ಗೆಳೆಯ ಮಾತಾಡುವುದಿಲ್ಲ. ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಅವನ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಈಗ ಉಸಿರಾಡುವುದು ಕತ್ತಿನ ಮುಂದಿನ ರಂಧ್ರದಿಂದ. ಅದರ ಮೇಲೆ ಸದಾ ಒಂದು ಬಿಳಿ ಬಟ್ಟೆಯ ತುಂಡು. ಕತ್ತಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಯಂತ್ರವೊಂದನ್ನು ಮಗಳು ಕೊಡಿಸಿದ್ದಳು. ಅದರ ದನಿ ಹಿಟ್ಟಿನ ಗಿರಣಿಯದು ಎಂದು ಬರೆದು ತೋರಿಸಿ, ಅದನ್ನು ಅಲಮಾರಿನಲ್ಲಿಟ್ಟ. ಅಂದಿನಿಂದ ಸ್ಲೇಟು ಮತ್ತು ಬಳಪ. ಸ್ಲೇಟಿನ ತೊಂದರೆಯೆಂದರೆ ಎದುರಿಗಿದ್ದವರು ಮೂರನೇ ಅಕ್ಷರಕ್ಕೇ ಊಹಿಸಿ ಉಳಿದದ್ದನ್ನು ತಾವೇ ಹೇಳಿಬಿಡುತ್ತಾರೆ. ಮೊಬೈಲಿನಲ್ಲಿ ಬರೆದು ಕಳಿಸಿದರೆ ಓದುವವರು ತಮಗೆ ಬಿಡುವಾದಾಗ ಓದುತ್ತಾರೆ.

ಉಳಿದದ್ದು ಮೋರ್ಸ್, ಚುಕ್ಕೆ ಗೆರೆಗಳ ಸದ್ದಿನ ಭಾಷೆ. ನಾವಿಬ್ಬರೂ ಪೊಲೀಸ್ ವೈರ್‌ಲೆಸ್ಸಿನಲ್ಲಿ ಮೂವತ್ತು ವರ್ಷ ಕೂಡಿ ಕೆಲಸ ಮಾಡಿದವರು. ನಿವೃತ್ತಿಯ ನಂತರ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡೆವು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತೇವೆ. ಅಲ್ಲಿ ಅವನ ಬೆರಳು ಆಡಿದ ಹೊತ್ತಿಗೇ ನನ್ನ ಕಿವಿಗೆ ಬೀಳುತ್ತದೆ. ಅವನು ಮುಗಿಸುವ ತನಕ ನಾನು ಬಾಯಿ ಹಾಕುವಂತಿಲ್ಲ. ಒಬ್ಬ ಕುಟ್ಟುತ್ತಿರುವಾಗ ಇನ್ನೊಬ್ಬನ ಸೆಟ್ಟು ಸುಮ್ಮನಿರಲೇಬೇಕು. ಬೆಳಿಗ್ಗೆ ಏಳರಿಂದ ಏಳು ಇಪ್ಪತ್ತು. ನಾನು ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಕೋಣೆಯಲ್ಲಿ, ಅವನು ಕಮಲಾಪುರದಲ್ಲಿ. ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಒಂದು ದಿನವೂ ತಪ್ಪಿರಲಿಲ್ಲ. ಬೇರೆಯವರು ದಿನವಿಡೀ ಆಡುವುದನ್ನು ಅವನು ಆ ಇಪ್ಪತ್ತು ನಿಮಿಷದಲ್ಲಿ ಆಡುತ್ತಿದ್ದ. ಆ ಭಾನುವಾರ ನಾನೇ ಹೊರಟಿದ್ದರಿಂದ ಬೆಳಗಿನ ಸರದಿಯನ್ನು ಸಂಜೆ ಐದಕ್ಕೆ ಹಾಕಿಕೊಂಡಿದ್ದೆವು.

ದೀಪಾವಳಿ ಮುಗಿದ ಮರುವಾರ ಅವನಿಗೆ ಎರಡನೇ ಆಂಟೆನಾದ ಹುಚ್ಚು ಹಿಡಿಯಿತು. ಇದ್ದದ್ದು ಏಳು ಮೆಗಾಹರ್ಟ್ಸಿನದು. ಉದ್ದ ತಂತಿ, ತಗ್ಗಿನಲ್ಲಿ ಕಟ್ಟಿದ್ದು. ಅದರ ಅಲೆ ನೆಟ್ಟಗೆ ಮೇಲೆ ಹೋಗಿ ನೆತ್ತಿಯ ಸುತ್ತಮುತ್ತಲೇ ಬೀಳುತ್ತದೆ. ಕಲಬುರಗಿ ಕಮಲಾಪುರದ ನಡುವೆ ಹಗಲು ಹೊತ್ತಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಅವನಿಗೆ ಬೇಕಾದದ್ದು ಹದಿನಾಲ್ಕು ಮೆಗಾಹರ್ಟ್ಸಿನದು. ಗಿಡ್ಡ ತಂತಿ, ಬಹು ದೂರದವರ ಜೊತೆ ಮಾತಾಡಲಿಕ್ಕೆ. ಸರಿಯಾಗಿ ನಡೆಯುತ್ತಿರುವುದನ್ನು ಮುಟ್ಟಬೇಡ ಎಂದು ನಾನು ಮೂರು ವಾರ ಹೇಳಿದೆ. ಎರಡನೆಯದನ್ನು ಕಟ್ಟಲು ಹೋಗಿ ಮೊದಲನೆಯದು ಕೆಟ್ಟರೆ ನಾಳೆ ಏಳು ಗಂಟೆಗೆ ನೀನು ಗೋಡೆಯ ಜೊತೆ ಮಾತಾಡಬೇಕಾಗುತ್ತದೆ ಎಂದೂ ಹೇಳಿದೆ. ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ಇದೇ ವಾದ. ಯಾವುದಕ್ಕೂ ಹಟ ಮಾಡದವನು ಇದೊಂದಕ್ಕೆ ಬಿಡಲಿಲ್ಲ.

ಎರಡಕ್ಕೂ ಒಂದೇ ಕೇಬಲ್ ಏಕೆ ಎಂದರೆ, ಅದು ಅವನ ಹೆಂಡತಿಯ ಅಪ್ಪಣೆ. ಮಾಳಿಗೆಯಿಂದ ರೇಡಿಯೋ ಕೋಣೆಗೆ ಇಳಿಯುವ ದಪ್ಪ ಕರಿ ಕೇಬಲ್ ದೇವರ ಮನೆಯ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ. ಆಕೆ ಅಂದು ಬೆಳಿಗ್ಗೆ ಚಹಾ ತಂದಿಟ್ಟು ಇನ್ನೊಮ್ಮೆ ಹೇಳಿದರು.

"ಅಣ್ಣಾರ, ನನ್ನ ಮನಿ ಮುಂದ ಒಂದ್ ಕರೀ ಹಾವು ಜೋತಾಡೋದು ಸಾಕು. ಎರಡನೇದು ಬಂತಂದ್ರ ನಿಮ್ಮಿಬ್ಬರ ಊಟ ಮಾಳ್ಗಿ ಮ್ಯಾಲೇ ಕಳಸ್ತೀನಿ, ಕೆಳಗ ಇಳ್ಯಾಕ ಬಿಡಂಗಿಲ್ಲ."

ಒಂದೇ ಕೇಬಲ್ ಸಾಕಾಗುತ್ತದೆ. ಒಂದು ಮನೆಯಲ್ಲಿ ಅಣ್ಣ ತಮ್ಮ ಇದ್ದರೆ ಬಾಗಿಲು ಎರಡು ಬೇಕಿಲ್ಲ. ಯಾರ ಹೆಸರು ಕೂಗಿದರೋ ಅವನು ಏಳುತ್ತಾನೆ, ಇನ್ನೊಬ್ಬ ಮಲಗಿರುತ್ತಾನೆ. ತಂತಿಯೂ ಹಾಗೆಯೇ. ತನ್ನ ಉದ್ದಕ್ಕೆ ಹೊಂದುವ ಅಲೆ ಬಂದರೆ ತೆಗೆದುಕೊಳ್ಳುತ್ತದೆ, ಬೇರೆಯದು ಬಂದರೆ ಇಲ್ಲದಂತಿರುತ್ತದೆ. ಪ್ರತಿ ತಂತಿಯೂ ನಡುವೆ ತುಂಡಾಗಿ ಎರಡು ಕಡೆ ಕೈ ಚಾಚಿರುತ್ತದೆ; ಎರಡರ ನಡುವಿನ ತುದಿಗಳನ್ನು ಕೇಬಲ್ಲಿನ ಒಂದೇ ಬಾಯಿಗೆ ಕಟ್ಟಿ, ಆಚೆಯ ತುದಿಗಳನ್ನು ಒಂದರಿಂದೊಂದು ದೂರ ಎಳೆದರೆ ಕೆಲಸವಾಯಿತು. ಅಣ್ಣ ತಮ್ಮಂದಿರು ಮೈಗೆ ಮೈ ತಾಗಿಸಿಕೊಂಡಿದ್ದರೆ ಮಾತ್ರ ಒಬ್ಬನನ್ನು ಕೂಗಿದಾಗ ಇನ್ನೊಬ್ಬನೂ ಹೊರಳುತ್ತಾನೆ. ಅದಕ್ಕೇ ಅಳತೆ, ಕೋನ, ಕ್ರಮ ಎಲ್ಲ ಬೇಕು.

ಇದನ್ನೆಲ್ಲ ನಾನು ವೈರ್‌ಮನ್ನಿಗೆ ನಿಧಾನವಾಗಿ ಹೇಳಿದೆ. ಐವತ್ತು ದಾಟಿದ ಮನುಷ್ಯ, ಏಣಿ ಅವನದೇ, ಓಣಿಯ ಅರ್ಧದಷ್ಟು ಮನೆಗಳಿಗೆ ಟಿ.ವಿ. ಕೇಬಲ್ ಎಳೆದವನೂ ಅವನೇ. ಪೂರ್ತಿ ಕೇಳಿದ. ಕೇಳಿದ ಮೇಲೆ ಚೀಲದಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬೆಳ್ಳಿ ಬಣ್ಣದ ಡಬ್ಬಿಯೊಂದನ್ನು ತೆಗೆದ. ಒಂದು ಕಡೆ ಒಂದು ಬಾಯಿ, ಇನ್ನೊಂದು ಕಡೆ ಎರಡು.

"ಸಾಹೇಬ್ರ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಒಂದ್ ಕೇಬಲ್‌ಗಿ ಎರಡ್ ಟಿ.ವಿ. ನಾ ಏಸೋ ಮನಿಗಿ ಕೊಟ್ಟೀನಿ. ಈ ಡಬ್ಬಿ ಹಾಕಿದ್ರ ಬಿಲ್ಕುಲ್ ಸಾಫ್ ಕೆಲಸ. ಫಿಕರ್ ಬ್ಯಾಡ."

ಆ ಡಬ್ಬಿ ಬರುವುದನ್ನು ಹಂಚಲಿಕ್ಕೆ ಮಾತ್ರ, ಇಲ್ಲಿ ನಾವು ಕಳಿಸುತ್ತೇವೆ, ನೂರು ವ್ಯಾಟ್ ಒಳಗೆ ಹೋದರೆ ಅದು ಸುಟ್ಟ ಬದನೆಕಾಯಿಯಾಗುತ್ತದೆ ಎಂದೆ. ಅದು ಮೆಟಲ್ ಡಬ್ಬಿ, ಸುಡುವುದಿಲ್ಲ ಎಂದ. ಬೇಡ ಎಂದೆ. ಕಂಪನಿ ಮಾಲು ಎಂದ. ಬೇಡ ಎಂದು ಮತ್ತೊಮ್ಮೆ, ಗೆಳೆಯನ ಎದುರಿಗೇ, ಸಾಕಷ್ಟು ದೊಡ್ಡ ದನಿಯಲ್ಲಿ ಹೇಳಿದೆ. ಡಬ್ಬಿ ಚೀಲಕ್ಕೆ ಹೋಯಿತು. ಅವನ ಮುಖದ ಮೇಲೆ ಮಾತ್ರ ಅದು ಇನ್ನೂ ಇತ್ತು.

ತಂತಿ ಅಳೆದೆವು. ಉದ್ದದ್ದು ಮೊದಲಿನದೇ, ಒಂದೊಂದು ಕೈ ಮೂವತ್ತಮೂರು ಅಡಿಗೆ ತುಸು ಮೇಲೆ. ಗಿಡ್ಡದ್ದನ್ನು ಹೊಸದಾಗಿ ಮಾಡಬೇಕಿತ್ತು. ಲೆಕ್ಕದ ಪ್ರಕಾರ ಒಂದೊಂದು ಕೈ ಹದಿನಾರು ಅಡಿ ಎಂಟು ಅಂಗುಲ. ಗೆಳೆಯ ತಂದಿಟ್ಟ ತಂತಿ ಎರಡೂ ಕಡೆ ಗೇಣುದ್ದ ಹೆಚ್ಚಿತ್ತು. ನಾನು ಇಕ್ಕಳ ತೆಗೆದುಕೊಂಡು ಗುರುತಿನ ಮೇಲಿಟ್ಟೆ. ಆಚೆಯಿಂದ ಟಣ್ ಟಣ್ ಎಂದು ಸದ್ದು ಬಂತು. ಗೆಳೆಯ ಸ್ಪ್ಯಾನರಿನಿಂದ ನೀರಿನ ಟ್ಯಾಂಕಿನ ಕಬ್ಬಿಣದ ಪೈಪಿಗೆ ಮೋರ್ಸಿನಲ್ಲಿ ಬಡಿಯುತ್ತಿದ್ದ. ಕತ್ತರಿಸಬೇಡ, ಮಡಚು. ಅಕ್ಷರ ಅಕ್ಷರ ಸ್ಪಷ್ಟವಾಗಿತ್ತು.

"ಚಹಾ ಬೇಕಂತ ಕಾಣ್ತದ," ಎಂದು ವೈರ್‌ಮನ್ ಕೆಳಗೆ ಕೂಗಿ ಹೇಳಿದ. ಇನ್ನೊಂದು ಸಲ ಚಹಾ ಬಂತು.

ನಮ್ಮ ಪೊಲೀಸ್ ಖಾತೆಯಲ್ಲಿ ತುದಿಯಲ್ಲಿ ತಂತಿ ಜೋತಾಡುವುದು ತಪ್ಪು ಎಂದೇ ಎಣಿಕೆ. ತಪಾಸಣೆಗೆ ಬಂದ ಅಧಿಕಾರಿ ಮೊದಲು ನೋಡುತ್ತಿದ್ದದ್ದೇ ಅದನ್ನು. ಅಳತೆ ಎಂದರೆ ಅಳತೆ, ಹೆಚ್ಚಿದ್ದದ್ದು ಕತ್ತರಿ. ಮೂವತ್ತು ವರ್ಷ ಹಾಗೆ ಮಾಡಿದ ಕೈ ಆ ಬಡಿತಕ್ಕೆ ನಿಲ್ಲಲಿಲ್ಲ. ಎರಡೂ ಕಡೆ ಕತ್ತರಿಸಿದೆ. ಖಾತೆಯಲ್ಲಿ ನಾವು ಒಂದು ಕೇಬಲ್ಲಿಗೆ ಒಂದೇ ಆಂಟೆನಾ ಕಟ್ಟುತ್ತಿದ್ದೆವು ಎಂಬುದು ಆಗ ನೆನಪಾಗಬೇಕಿತ್ತು.

ಹತ್ತೂವರೆಗೆ ಎರಡೂ ಮೇಲೇರಿದವು. ಉದ್ದದ್ದರ ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ಟ್ಯಾಂಕಿನ ಸ್ಟ್ಯಾಂಡಿಗೆ. ಗಿಡ್ಡದ್ದು ಅದಕ್ಕೆ ಅಡ್ಡವಾಗಿ. ನಾನು ಕೆಳಗಿನ ಕೋಣೆಗೆ ಹೋಗಿ ಮೀಟರ್ ಹಚ್ಚಿದೆ. ಕಳಿಸಿದ್ದರಲ್ಲಿ ಎಷ್ಟು ಹೊರಗೆ ಹೋಗದೆ ಮರಳಿ ಬರುತ್ತದೆ ಎಂದು ಅದು ತೋರಿಸುತ್ತದೆ. ಒಂದರ ಹತ್ತಿರವಿದ್ದರೆ ಒಳ್ಳೆಯದು, ಮೂರು ದಾಟಿದರೆ ಸೆಟ್ಟಿಗೇ ಅಪಾಯ. ಏಳರಲ್ಲಿ ಒಂದೂವರೆ. ಜೀವ ಬಂದಂತಾಯಿತು. ಹದಿನಾಲ್ಕರಲ್ಲಿ ನಾಲ್ಕು. ತಂತಿ ಗಿಡ್ಡವಾಗಿತ್ತು. ಒಂಟಿಯಾಗಿದ್ದರೆ ಆ ಅಳತೆ ಸರಿ. ಪಕ್ಕದಲ್ಲಿ ಉದ್ದದ್ದು ಇರುವಾಗ ಗಿಡ್ಡದ್ದಕ್ಕೆ ಇನ್ನಷ್ಟು ಬೇಕಾಗುತ್ತದೆ. ಎಷ್ಟು ಎಂದರೆ, ಹೆಚ್ಚುಕಡಿಮೆ ಗೇಣಿನಷ್ಟು.

ಮಾಳಿಗೆಗೆ ಮರಳಿದೆ. ಗೆಳೆಯ ಕತ್ತರಿಸಿದ ಎರಡು ತುಂಡುಗಳನ್ನು ಆಗಲೇ ಒರೆಸಿ, ಸ್ಲೇಟಿನ ಮೇಲೆ ಜೋಡಿಸಿಟ್ಟುಕೊಂಡು ಕೂತಿದ್ದ. ಏನೂ ಬರೆದಿರಲಿಲ್ಲ. ಬರೆದಿದ್ದರೆ ಒಂದು ಮಾತು ಮರಳಿಸಬಹುದಿತ್ತು.

ಬೆಸುಗೆ ಹಾಕಲು ಹೊರಟಾಗ ಕರೆಂಟು ಹೋಯಿತು. ವೈರ್‌ಮನ್ ತಿರುಪಿನ ಕನೆಕ್ಟರ್ ಹಾಕಿ ತುಂಡುಗಳನ್ನು ಮರಳಿ ಸೇರಿಸಿದ. ಆ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ ಎಂಬುದನ್ನು ಬರೆಯದಿದ್ದರೆ ನ್ಯಾಯವಾಗುವುದಿಲ್ಲ. ಇಳಿಸಿ, ಏರಿಸಿ, ಇನ್ನೊಮ್ಮೆ ಇಳಿಸಿ, ಒಂದು ಅಂಗುಲ ಮಡಚಿ, ಏರಿಸಿ, ಹನ್ನೆರಡು ಐವತ್ತಕ್ಕೆ ಹದಿನಾಲ್ಕರಲ್ಲಿ ಒಂದೂವರೆ ಬಂತು. ಏಳು ಇದ್ದಲ್ಲೇ ಇತ್ತು. ನಡುವಿನ ಜೋಡಣೆಗೆ ಮಳೆ ನೀರು ಹೋಗದಂತೆ ಟೇಪು ಸುತ್ತುವುದೊಂದು ಉಳಿದಿತ್ತು. ಅದನ್ನು ವೈರ್‌ಮನ್ನಿಗೆ ಒಪ್ಪಿಸಿ ನಾನು ಕೈ ತೊಳೆದೆ. ನಾನು ಒಂದು ಗಂಟೆಗೆ ಊಟ ಮಾಡುವವನು.

ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಕೊನೆಗೆ ಅವರದೇ ತೋಟದ ಕೆಂಪು ಬಾಳೆಹಣ್ಣು. ಆಕೆ ಇನ್ನೊಂದು ರೊಟ್ಟಿ ಹಾಕಲು ಬಂದರು, ನಾನು ಕೈ ಅಡ್ಡ ಹಿಡಿದೆ. ಬೆಳಗಿನಿಂದ ಅದೊಂದೇ ಕೆಲಸ ಹೇಳಿದಂತೆ ನಡೆದದ್ದು. ಒಂದೂ ಮೂವತ್ತೈದಕ್ಕೆ, ಸುಮ್ಮನೆ ಖಾತ್ರಿಗಾಗಿ, ಮತ್ತೆ ಮೀಟರ್ ಹಚ್ಚಿದೆ. ಏಳರಲ್ಲಿ ಎಂಟು. ಹದಿನಾಲ್ಕರಲ್ಲಿ ಆರು.

ಮೀಟರಿನ ಬ್ಯಾಟರಿ ಬದಲಿಸಿದೆ. ಎಂಟು. ಕೋಣೆಯ ಕಡೆಯ ಕನೆಕ್ಟರ್ ಬಿಚ್ಚಿ ಉಜ್ಜಿ ಹಾಕಿದೆ. ಎಂಟು. ಕೇಬಲ್ಲನ್ನು ಮಾಳಿಗೆಯ ತನಕ ಬೆರಳಿನಿಂದ ಸವರುತ್ತ ಹೋದೆ. ದೇವರ ಮನೆಯ ಕಿಟಕಿಯ ಬಳಿ ಆಕೆ, ಹಾವಿಗೆ ಎಲ್ಲಿ ನೋವಾಗಿದೆ ಎಂದು ಕೇಳಿದರು. ತುದಿಗಳನ್ನು ನೋಡಿದೆ, ಹಗ್ಗ ನೋಡಿದೆ, ಬೇವಿನ ಕೊಂಬೆ ತಂತಿಗೆ ತಾಗಿದೆಯೇ ನೋಡಿದೆ. ನಡುವಿನ ಜೋಡಣೆಯ ಮೇಲೆ ಕರಿ ಟೇಪು ಅಚ್ಚುಕಟ್ಟಾಗಿ, ಒಂದು ಸುಕ್ಕೂ ಇಲ್ಲದಂತೆ ಸುತ್ತಿತ್ತು. ಅಷ್ಟು ಅಚ್ಚುಕಟ್ಟಾದದ್ದನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಎರಡೂ ಮುಕ್ಕಾಲಾಯಿತು.

ಐದೂ ಮುಕ್ಕಾಲಿಗೆ ಸೂರ್ಯಾಸ್ತ. ಕತ್ತಲಾಗುತ್ತ ಬಂದಂತೆ ಏಳರ ಅಲೆ ಹತ್ತಿರದವರ ನೆತ್ತಿಯ ಮೇಲೆ ಬೀಳುವುದನ್ನು ಬಿಟ್ಟು ದೂರ ಹಾರಿಹೋಗುತ್ತದೆ. ನಾನು ಅಷ್ಟರೊಳಗೆ ಖೂಬಾ ಪ್ಲಾಟು ಮುಟ್ಟಿ, ಅವನ ಸಿಗ್ನಲ್ ಕೇಳಿ, ಕೆಲಸ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಈಗ ನೋಡಿದರೆ ಖಾತ್ರಿ ಮಾಡಿಕೊಳ್ಳಲು ಏನೂ ಉಳಿದಿರಲಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ನಾನು ಕೂತು ಕಾಯುವುದು, ಇಲ್ಲಿ ಅವನು ಕುಟ್ಟುವುದು, ಅದು ಈ ಕೇಬಲ್ಲಿನಲ್ಲೇ ಕಾದು ಸಾಯುವುದು ಎಲ್ಲ ಕಣ್ಣ ಮುಂದೆ ಬಂತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ನಡದಿದ್ದನ್ನ ಕೆಡಿಸಿದಿ," ಎಂದೆ ಗೆಳೆಯನಿಗೆ. "ಮೂರು ವಾರದಿಂದ ಬಡ್ಕೊಂಡೆ. ಈಗ ದೂರದವರೂ ಇಲ್ಲ, ನಾನೂ ಇಲ್ಲ. ಆ ಗಿರಣಿ ಮಷೀನು ಅಲಮಾರಿಂದ ತಗಿ, ಅದರ ಜೋಡಿ ಮಾತಾಡ್ಕೋತ ಕೂಡು."

ಅನ್ನಬಾರದಾಗಿತ್ತು. ಅವನು ಸ್ಲೇಟು ಎತ್ತಿಕೊಳ್ಳಲಿಲ್ಲ. ಏಣಿಯ ಬುಡದಲ್ಲಿ ಬೀಡಿ ಸೇದುತ್ತ ಕೂತಿದ್ದ ವೈರ್‌ಮನ್ ಎದ್ದು ನಿಂತು, ಇಷ್ಟೊತ್ತೂ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಹೇಳಿದೆ.

"ಹಂಗಾಗಂಗಿಲ್ರಿ ಸಾಹೇಬ್ರ. ಈಗ ಮೊದಲಿಗಿಂತ ಛಲೋ ಆಗಬೇಕು. ನೀವು ಊಟಕ್ಕ ಇಳಿದಾಗ ನಾ ಡಬ್ಬಿ ಹಾಕೀನಿ."

ಯಾರನ್ನು ಕೇಳಿ ಹಾಕಿದೆ ಎಂದೆ.

"ಯಜಮಾನ್ರನ್ನ ಕೇಳೇ ಹಾಕೀನ್ರಿ. ಟೇಪ್ ಸುತ್ತೋದ್ಕಿಂತ ಮೊದಲ ಡಬ್ಬಿ ಹಾಕ್ಲೇನ್ರಿ, ಸಾಫ್ ಕಾಣ್ತದ ಅಂದೆ. ಗೋಣ ಹಾಕಿದ್ರು. ಖರೇ ಹೌದಲ್ರೀ?"

ಗೆಳೆಯ ಗೋಣು ಹಾಕಿದ.

ಏಣಿ ಹಿಡಿದು ಟೇಪು ಬಿಚ್ಚಿಸಿದೆ. ಒಳಗೆ, ಕೂಸನ್ನು ಸುತ್ತಿದಂತೆ ಸುತ್ತಿಕೊಂಡು, ಆ ಬೆಳ್ಳಿ ಡಬ್ಬಿ. ನಾನು ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಗೆಳೆಯನ ಮುಂದೆ ನಿಂತೆ.

"ಬ್ಯಾಡ ಅಂತ ನಾ ನಿನ್ನ ಎದುರಿಗೇ ಹೇಳಿದ್ದೆ. ಇದು ಸುಡ್ತದ ಅಂತ ನಿನಗೂ ಗೊತ್ತು. ಗೋಣ ಯಾಕ ಹಾಕಿದಿ?"

ಅವನು ಸ್ಲೇಟು ಎತ್ತಿಕೊಂಡ. ಬರೆದು ಮುಗಿಸಿ ತಿರುಗಿಸಿದ.

ಹೂಂ ಅಂದ್ರ ಅಲ್ಲಿಗೇ ಮುಗೀತದ. ಬ್ಯಾಡ ಅಂದ್ರ ಕಾರಣ ಬರೀಬೇಕು.

ಮೆಟ್ಟಿಲ ಮೇಲೆ ನಿಂತಿದ್ದ ಅವನ ಹೆಂಡತಿ ಇದನ್ನು ಓದಿ, ಬಹಳ ದಿನದಿಂದ ಯಾರಿಗಾದರೂ ಹೇಳಬೇಕೆಂದಿದ್ದವರಂತೆ ಹೇಳಿದರು: ಮೊನ್ನೆ ಪೇಂಟಿನವನು ಬಾಗಿಲಿಗೆ ಹಳದಿ ಬಣ್ಣ ಹಚ್ಚಲೇ ಎಂದಾಗ ಗೋಣು ಹಾಕಿದರು, ಹಳದಿ ಇವರಿಗೆ ಕಣ್ಣಿಗೆ ಆಗದು. ಔಷಧದಂಗಡಿಯವನು ಬೇರೆ ಕಂಪನಿಯ ಗುಳಿಗೆ ಕೊಡಲೇ ಎಂದಾಗ ಗೋಣು ಹಾಕಿದರು. ಈಗ ಮನೆಗೆ ಬಂದವರೆಲ್ಲ ಏನು ಬೇಕಾದರೂ ಇವರನ್ನೇ ಕೇಳುತ್ತಾರೆ, ತನ್ನನ್ನು ಕೇಳುವುದಿಲ್ಲ.

ಗೆಳೆಯ ಅದಕ್ಕೂ ಗೋಣು ಹಾಕಿದ.

ನನಗೆ ಆಗ ಒಂದು ಅನುಮಾನ ಬಂತು. ದಿನಾ ಏಳು ಇಪ್ಪತ್ತಕ್ಕೆ ಸಮಯವಾಯಿತು ಎಂದು ನಾನು ಕುಟ್ಟುತ್ತೇನೆ. ಅವನು ಯಾವ ತಕರಾರೂ ಇಲ್ಲದೆ ತಕ್ಷಣ ಮುಗಿಸುತ್ತಾನೆ. ಖಾತೆಯಲ್ಲಿ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತವನು ನಾನಾದ್ದರಿಂದ, ಇಂಥ ಶಿಸ್ತು ಈಗಿನವರಲ್ಲಿ ಇಲ್ಲ ಎಂದು ಎಷ್ಟೋ ಸಲ ಮೆಚ್ಚಿಕೊಂಡಿದ್ದೆ. ಕೇಳಿದೆ: ಅದೂ ಗೋಣು ಹಾಕುವುದೇ ಏನು?

ಅವನು ಸ್ಲೇಟು ಒರೆಸಿದ. ಈ ಸಲ ಬಹಳ ಹೊತ್ತು ಬರೆದ. ವೈರ್‌ಮನ್ ಇಣುಕಿ ನೋಡಿ ಮುಂದಿನ ಪದ ಊಹಿಸಲು ಹೊರಟ. ನಾನು ಅವನನ್ನು ಸುಮ್ಮನಿರಿಸಿದೆ.

ಏಳು ಇಪ್ಪತ್ತಕ್ಕ ನಿನ್ನ ನಾಷ್ಟಾ. ಆಗಿನ್ನ ನನ್ನ ಮಾತು ಶುರು ಆಗಿರ್ತದ. ಮೂವತ್ತು ವರ್ಷ ಟೈಮ್ ಆತು ಅಂತ ಮುಗಿಸೀನಿ. ಈಗ ಟೈಮ್ ಇರೋ ಯಾರರ ಬೇಕು.

"ಇದನ್ನ ಮೊದಲ ಹೇಳಾಕೇನಾಗಿತ್ತು?" ಎಂದೆ.

ಅವನು ಕೆಳಗೆ ಒಂದು ಸಾಲು ಸೇರಿಸಿದ. ಇಪ್ಪತ್ತು ನಿಮಿಷದಾಗ ಆಗಲಿಲ್ಲ.

ವೈರ್‌ಮನ್ ನಕ್ಕ. ಗೆಳೆಯನ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡು ಕೆಳಗಿಳಿದರು. ನನಗೆ ಸಿಟ್ಟು ಇನ್ನೂ ಇತ್ತು. ಆದರೆ ಅದನ್ನು ಯಾರ ಮೇಲೆ ಹಾಕಬೇಕು ಎಂಬುದು ಒಂದು ನಿಮಿಷದ ಹಿಂದೆ ಇದ್ದಷ್ಟು ಸ್ಪಷ್ಟವಿರಲಿಲ್ಲ.

ಡಬ್ಬಿ ಇಲ್ಲದೆ ತಂತಿಗಳನ್ನು ನೇರವಾಗಿ ಕೇಬಲ್ಲಿಗೆ ಕಟ್ಟಿದೆವು. ಟೇಪನ್ನು ನಾನೇ ಸುತ್ತಿದೆ. ಸುಕ್ಕು ಬಂದವು, ಬರಲಿ. ಮೂರೂ ಮೂವತ್ತೈದಕ್ಕೆ ಮೀಟರ್: ಏಳರಲ್ಲಿ ಒಂದೂವರೆ, ಹದಿನಾಲ್ಕರಲ್ಲಿ ಒಂದೂವರೆ. ವೈರ್‌ಮನ್ ಮೀಟರಿನ ಕಡೆಗೆ ನೋಡಿ, ಡಬ್ಬಿಯ ಕಡೆಗೆ ನೋಡಿ, ಇದು ಮಾಲು ಡುಪ್ಲಿಕೇಟ್ ಇರಬೇಕು, ಒರಿಜಿನಲ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಎಂದ. ನಾನು ಗೋಣು ಹಾಕಿದೆ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು.

ಬಸ್ಸು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬರಬೇಕಿತ್ತು, ನಾಲ್ಕೂ ಹತ್ತಕ್ಕೆ ಬಂತು. ಡ್ರೈವರ್ ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಯಾರಿಗೋ ಒಂದು ಚೀಲ ಇಳಿಸಿಕೊಟ್ಟು, ಅವರ ಮನೆಯವರ ಆರೋಗ್ಯ ಎಲ್ಲ ವಿಚಾರಿಸಿಕೊಂಡ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಆಟೋದವನು ಖೂಬಾ ಪ್ಲಾಟ್ ಎಂದರೆ ಸ್ಟೇಶನ್ ಬಜಾರದ ಕಡೆಯಿಂದ ಹೋಗಲು ನೋಡಿದ; ಇಳಿದು ಬೇರೆ ಆಟೋ ಹಿಡಿದೆ. ಮನೆಯ ಬೀಗ ತೆಗೆದಾಗ ಐದೂ ಹನ್ನೆರಡು. ಸರದಿಗೆ ನಾನು ತಡವಾಗಿ ಬಂದದ್ದು ಅದೇ ಮೊದಲು.

ಸೆಟ್ಟು ಹಚ್ಚಿದೆ. ಹೆಡ್‌ಫೋನ್ ಕಿವಿಗೆ ಹಾಕಿಕೊಳ್ಳುವ ಮೊದಲೇ ಅವನು ಕೇಳಿಸಿದ. ಆ ಕೈಯನ್ನು ನಾನು ಸಾವಿರ ಕೈಗಳಲ್ಲಿ ಗುರುತಿಸುತ್ತೇನೆ. ಗೆರೆಗಳನ್ನು ತುಸು ಎಳೆದು, ಚುಕ್ಕೆಗಳನ್ನು ಅವಸರದಲ್ಲಿ ಬಿಡುತ್ತಾನೆ. ಐದು ಗಂಟೆಯಿಂದ ನನ್ನ ಕರೆಸಂಕೇತವನ್ನೇ ಕುಟ್ಟುತ್ತ ಕೂತಿದ್ದನಂತೆ. ಮೊದಲಿನಷ್ಟೇ ಗಟ್ಟಿಯಾಗಿ ಬರುತ್ತಿದ್ದ, ಒಂದು ಕೂದಲೆಳೆಯೂ ಕಡಿಮೆಯಿಲ್ಲ. ಹಾಗೆಂದು ವರದಿ ಕೊಟ್ಟೆ. ನಾಳೆಯ ಏಳು ಗಂಟೆ ಉಳಿಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡು ಮುಂದಿನ ಮಾತಿಗೆ ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಅವನು, ತಡಿ, ಹದಿನಾಲ್ಕಕ್ಕ ಹೋಗಿ ಬರ್ತೀನಿ ಎಂದು ಕುಟ್ಟಿ ಹೊರಟೇಹೋದ.

ಎಂಟು ತಾಸು ಬಿಸಿಲಿನಲ್ಲಿ ನಿಂತು ಬಂದವನಿಗೆ ಎರಡು ನಿಮಿಷ.

ನನ್ನ ಮನೆಯಲ್ಲಿ ಇರುವುದು ಏಳರ ತಂತಿ ಒಂದೇ. ಆ ಕಡೆ ಏನು ನಡೆಯುತ್ತಿದೆ ಎಂದು ಕೇಳಲು ನನಗೆ ದಾರಿಯಿಲ್ಲ. ಕುರ್ಚಿ ಬಿಟ್ಟು ಏಳುವಂತೆಯೂ ಇಲ್ಲ, ತಡಿ ಎಂದಿದ್ದ. ಕೂತೆ. ಕಿಟಕಿಯ ಹೊರಗೆ ಎದುರು ಮನೆಯವರು ಒಗೆದ ಬಟ್ಟೆ ತೆಗೆದುಕೊಂಡು ಹೋದರು. ಏಳರ ಮೇಲೆ ದೂರದ ಸ್ಟೇಷನ್ನುಗಳು ಒಂದೊಂದಾಗಿ ಬಂದು ಗದ್ದಲ ಹಾಕತೊಡಗಿದವು. ಹತ್ತಿರದವರಿಗೆ ಹೊತ್ತು ಮುಗಿಯುತ್ತ ಬಂದದ್ದರ ಗುರುತು ಅದು. ಐದೂ ನಲವತ್ತು. ಐದೂ ನಲವತ್ತೈದು. ಮರೆತು ಬಿಟ್ಟಿದ್ದಾನೆ ಎಂದುಕೊಂಡೆ.

ಐದೂ ನಲವತ್ತೆಂಟಕ್ಕೆ ಬಂದ. ಗದ್ದಲದ ಅಡಿಯಲ್ಲಿ, ತೆಳ್ಳಗೆ. ಒಬ್ಬ ಸಿಕ್ಕ ಎಂದ. ಸಮುದ್ರದಾಚೆಯ ಮುದುಕ, ಕೈ ಬಹಳ ನಿಧಾನ, ಇಪ್ಪತ್ತಾರು ನಿಮಿಷ ಮಾತಾಡಿದೆವು ಎಂದ. ಆ ಮುದುಕ ನನ್ನ ಹೆಸರು ಕೇಳಿದ, ಊರು ಕೇಳಿದ, ಬಾಳೆ ತೋಟದ ಬಗ್ಗೆ ಕೇಳಿದ, ಕೆಂಪು ಬಾಳೆಹಣ್ಣು ಇರುತ್ತದೆ ಎಂದರೆ ನಂಬಲಿಲ್ಲ, ಪೂರ್ತಿ ಹೇಳಿದೆ ಎಂದ. ನಡುವೆ ಎಲ್ಲೂ ತಡೆಯಲಿಲ್ಲ ನೋಡು ಎಂದೂ ಸೇರಿಸಿದ. ಅದು ನನಗೆ ಹಾಕಿದ್ದು. ನಾನು ಉತ್ತರ ಕೊಡಲು ಹೋಗಲಿಲ್ಲ. ಅವನು ಇನ್ನೂ ಕುಟ್ಟುತ್ತಿದ್ದ. ನನ್ನ ಗಂಟಲಿನ ಬಗ್ಗೆ ಅವನಿಗೆ ಹೇಳಲಿಲ್ಲ, ಯಾಕೆಂದರೆ ಎಂದು ಶುರು ಮಾಡಿದ. ಅಷ್ಟರಲ್ಲಿ ಸಿಗ್ನಲ್ ಮುಳುಗತೊಡಗಿತು. ಒಂದಕ್ಷರ ಬಂತು, ಎರಡು ಹೋದವು. ಮೂರು ಬಂದವು. ನಾನು ಹೆಡ್‌ಫೋನ್ ಕಿವಿಗೆ ಒತ್ತಿ ಹಿಡಿದುಕೊಂಡು ಬರೆಯುತ್ತ ಹೋದೆ. ಐದೂ ಐವತ್ತೇಳಕ್ಕೆ ಪೂರ್ತಿ ಗದ್ದಲವಷ್ಟೇ ಉಳಿಯಿತು.

ಇನ್ನೂ ಹತ್ತು ನಿಮಿಷ ಕಾದೆ. ಬರಲಿಲ್ಲ, ಬರುವಂತಿರಲಿಲ್ಲ.

ಲಾಗ್ ಪುಸ್ತಕ ಎಳೆದುಕೊಂಡೆ. ಹೊತ್ತು, ಸಿಗ್ನಲ್ಲಿನ ಬಲ, ಎರಡೂ ಆಂಟೆನಾಗಳ ಕೊನೆಯ ಅಳತೆ ಬರೆದೆ. ಕೊನೆಗೆ ಅವನ ಸಂದೇಶ. ಕೇಳಿಸದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡಬೇಕು, ಊಹಿಸಿ ತುಂಬಬಾರದು ಎಂಬುದು ನಮ್ಮ ಖಾತೆಯ ನಿಯಮ. ಯಾಕೆಂದರೆ ಎಂಬುದರ ಮುಂದಿನ ಸಾಲು ಹೆಚ್ಚಾಗಿ ಚುಕ್ಕೆಗಳೇ. ಅಲ್ಲಿ ಇಲ್ಲಿ ಬಂದ ಅಕ್ಷರಗಳನ್ನು ನೋಡಿದರೆ ಏನು ಹೇಳಿದ್ದಾನೆಂದು ಸುಲಭವಾಗಿ ಹೊಳೆಯುವಂತಿತ್ತು. ಪೆನ್ನು ಒಂದು ಸಲ ಆ ಜಾಗಕ್ಕೆ ಹೋಗಿಯೂ ಹೋಯಿತು. ಹಿಂದೆ ತೆಗೆದುಕೊಂಡೆ. ಚುಕ್ಕೆಗಳನ್ನು ಎಣಿಸಿ, ಇದ್ದ ಹಾಗೆಯೇ ಬಿಟ್ಟು, ಕೆಳಗೆ ಸಹಿ ಹಾಕಿದೆ. ಸೆಟ್ಟು ಆರಿಸಿದಾಗ ಆರೂ ಇಪ್ಪತ್ತು.